ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು

2025ರ ಮೇ 21ರಂದು ಸ್ಪೇನಿನ ಬಿಲ್ಬಾವೊದಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಯುರೋಪಾ ಲೀಗ್ ಗೆದ್ದಿತು. 2008ರ ನಂತರ ಸ್ಪರ್ಸ್ ಕೈಗೆ ಬಂದ ಮೊದಲ ಕಪ್ ಅದು. ಅಲ್ಲಿಂದ ಇಲ್ಲಿಯವರೆಗೆ ಒಂದು ವಾದ ನಿಂತೇ ಇಲ್ಲ. ಕೋಚ್ ಆ್ಯಂಜ್ ಪೋಸ್ಟೆಕೊಗ್ಲು ಅವರ ಡಿಫೆನ್ಸ್ ಬಗ್ಗೆ ಎರಡು ವರ್ಷ ಗೊಣಗಿದ ನಮ್ಮಂಥವರು ಇನ್ನಾದರೂ ತೆಪ್ಪಗಿರಬೇಕಂತೆ. ಆಟದ ಗಂಧಗಾಳಿ ಗೊತ್ತಿಲ್ಲದವರು, ತಾಳ್ಮೆಯಿಲ್ಲದವರು, ಕೃತಜ್ಞತೆಯಿಲ್ಲದವರು ಎಂಬ ಬಿರುದುಗಳೂ ನಮಗೆ ಸಂದಿವೆ.

ಬಿರುದುಗಳು ಇರಲಿ. ವಾದಗಳಿಗೆ ಒಂದೊಂದಾಗಿ ಉತ್ತರ ಕೊಡೋಣ. ಅದಕ್ಕೂ ಮೊದಲು ನಮ್ಮ ತಕರಾರು ಏನೆಂಬುದು ಸ್ಪಷ್ಟವಾಗಿರಲಿ, ಏಕೆಂದರೆ ಎದುರು ಪಕ್ಷದವರು ಉತ್ತರಿಸುವುದು ಹೆಚ್ಚಾಗಿ ನಾವು ಮಾಡದ ತಕರಾರಿಗೆ. ಪೋಸ್ಟೆಕೊಗ್ಲು ಮುನ್ನುಗ್ಗಿ ಆಡಿಸಿದರು ಎಂದು ನಾವು ದೂರಲಿಲ್ಲ. ಅವರ ಮೊದಲ ಹತ್ತು ಲೀಗ್ ಪಂದ್ಯಗಳಲ್ಲಿ ಎಂಟು ಗೆಲುವು, ಎರಡು ಡ್ರಾ, 26 ಅಂಕ ಬಂದಾಗ ಕುಣಿದವರಲ್ಲಿ ನಾವೂ ಇದ್ದೆವು. ನಮ್ಮ ದೂರು ಇಷ್ಟೇ: ಎದುರಾಳಿಗಳೆಲ್ಲ ಕಂಡುಕೊಂಡು ಪ್ರತಿ ವಾರ ಒಳನುಗ್ಗುತ್ತಿದ್ದ ತೂತನ್ನು ಮುಚ್ಚಲು ನಮ್ಮ ಕೋಚ್ ಹದಿನೆಂಟು ತಿಂಗಳು ತೆಗೆದುಕೊಂಡರು. ಕೊನೆಗೆ ಮುಚ್ಚಿದರು, ಮುಚ್ಚಿದ ಕೂಡಲೇ ಕಪ್ ಬಂತು. ಅಷ್ಟರಲ್ಲಿ ಲೀಗ್ ಕೈಬಿಟ್ಟಿತ್ತು.

"ನಂಬಿಕೆ ಬದಲಿಸುವವನು ಕೋಚೇ ಅಲ್ಲ"

ಇದು ಅವರ ಮೊದಲ ವಾದ, ಕೇಳಲು ಚೆಂದದ ವಾದವೂ ಹೌದು. ಇದಕ್ಕೆ ಅವರು ಕೊಡುವ ಉದಾಹರಣೆ 2023ರ ನವೆಂಬರ್ 6ರ ಚೆಲ್ಸಿ ಪಂದ್ಯ. 33ನೇ ನಿಮಿಷದಲ್ಲಿ ಕ್ರಿಸ್ಟಿಯಾನ್ ರೊಮೆರೊಗೆ ಕೆಂಪು ಕಾರ್ಡ್, 55ನೇ ನಿಮಿಷದಲ್ಲಿ ಡೆಸ್ಟಿನಿ ಉಡೋಗಿಗೆ ಕೆಂಪು ಕಾರ್ಡ್. ಉಳಿದದ್ದು ಒಂಬತ್ತು ಜನ. ಆದರೂ ಡಿಫೆನ್ಸಿನ ಸಾಲು ಮೈದಾನದ ನಡುಗೆರೆಯ ಹತ್ತಿರವೇ ನಿಂತಿತ್ತು. 75ನೇ ನಿಮಿಷದವರೆಗೆ ಸ್ಕೋರು 1-1. ಆಮೇಲೆ ನಿಕೋಲಸ್ ಜಾಕ್ಸನ್ ಮೂರು ಗೋಲು ಹೊಡೆದ, ಪಂದ್ಯ 1-4. ಸ್ವಂತ ಮೈದಾನದ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವು ಹೀಗೇ, ಐದು ಜನ ಉಳಿದರೂ ಹೀಗೇ ಆಡುತ್ತೇವೆ ಎಂಬ ಅರ್ಥದ ಮಾತನ್ನು ಕೋಚ್ ಹೇಳಿದರು.

ಆ ರಾತ್ರಿಯ ಚಪ್ಪಾಳೆ ಸುಳ್ಳಲ್ಲ. ಒಂದು ಪಂದ್ಯದ ಹುಚ್ಚು ಧೈರ್ಯಕ್ಕೆ ಚಪ್ಪಾಳೆ ತಟ್ಟಬಹುದು. ನಮ್ಮ ಪ್ರಶ್ನೆ ಮರುದಿನದ್ದು. ಐದು ದಿನಗಳ ನಂತರ ವುಲ್ವ್ಸ್ ವಿರುದ್ಧ ಮೂರನೇ ನಿಮಿಷದಲ್ಲೇ ಮುನ್ನಡೆ. 90 ನಿಮಿಷ ಮುಗಿದ ಮೇಲೆ ಎರಡು ಗೋಲು ಬಿಟ್ಟು ಸೋಲು. ಆ್ಯಸ್ಟನ್ ವಿಲಾ ವಿರುದ್ಧ ಮುನ್ನಡೆ, ಸೋಲು. ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮುನ್ನಡೆ, 3-3. ವೆಸ್ಟ್ ಹ್ಯಾಮ್ ವಿರುದ್ಧ ಮುನ್ನಡೆ, ಸೋಲು. ಚೆಲ್ಸಿಯನ್ನೂ ಸೇರಿಸಿದರೆ ಸತತ ಐದು ಪಂದ್ಯಗಳಲ್ಲಿ 1-0 ಮುಂದಿದ್ದು ಒಂದನ್ನೂ ಗೆಲ್ಲದ ತಂಡ. ಪ್ರೀಮಿಯರ್ ಲೀಗ್ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.

ಹೀಗೆ ಡಿಫೆನ್ಸಿನ ಸಾಲನ್ನು ಮುಂದೆ ನಿಲ್ಲಿಸುವ ಹೈ ಲೈನ್ ಎನ್ನುವುದು ನಂಬಿಕೆಯಲ್ಲ, ಸಾಧನ. ಅದಕ್ಕೊಂದು ಷರತ್ತಿದೆ. ಚೆಂಡು ಯಾರ ಕಾಲಲ್ಲಿದೆಯೋ ಅವನ ಮೇಲೆ ಒತ್ತಡವಿದ್ದರೆ ಮಾತ್ರ ಡಿಫೆನ್ಸ್ ಮುಂದೆ ನಿಲ್ಲಬಹುದು. ಅವನು ತಲೆಯೆತ್ತಿ ನೋಡಿ, ಗುರಿಯಿಟ್ಟು ಚೆಂಡು ಕಳಿಸುವಷ್ಟು ಪುರಸೊತ್ತು ಸಿಕ್ಕಿದರೆ ಸಾಲು ಹಿಂದೆ ಓಡಲೇಬೇಕು. ಮುಂದೆ ನಿಂತು ಒತ್ತುವ ಹತ್ತು ಜನರಲ್ಲಿ ಇಬ್ಬರು ಕಡಿಮೆಯಾದ ಕ್ಷಣವೇ ಷರತ್ತು ಮುರಿದಂತೆ. ಹೀಗಿರುವಾಗ ಸಾಲನ್ನು ಹತ್ತು ಮೀಟರ್ ಹಿಂದೆ ತಂದರೆ ಯಾವ ನಂಬಿಕೆಗೂ ದ್ರೋಹವಾಗುವುದಿಲ್ಲ. ಪೆಪ್ ಗಾರ್ಡಿಯೋಲಾಗಿಂತ ಹೆಚ್ಚು ನಂಬಿಕೆಯ ಕೋಚ್ ಯಾರಿದ್ದಾರೆ? 2022-23ರಲ್ಲಿ ಅವರು ಅಕಾಂಜಿ, ಡಿಯಾಸ್, ಆಕೆ, ಸ್ಟೋನ್ಸ್ ಎಂಬ ನಾಲ್ವರು ಸೆಂಟರ್ ಬ್ಯಾಕ್‌ಗಳನ್ನು ಒಟ್ಟಿಗೆ ಇಳಿಸಿದರು, ಮೂರು ಕಪ್ ಗೆದ್ದರು. ಅವರ ಫುಟ್‌ಬಾಲ್ ಮೈಲಿಗೆಯಾಯಿತು ಎಂದು ಯಾರೂ ಹೇಳಲಿಲ್ಲ.

"ಗಾಯಾಳುಗಳ ಪಟ್ಟಿ ನೋಡಿ ಮಾತಾಡಿ"

ನೋಡಿಯೇ ಮಾತಾಡುತ್ತಿದ್ದೇವೆ. ಈ ವಾದದಲ್ಲಿ ನಿಜವಿದೆ, ಅದನ್ನು ಒಪ್ಪದೆ ಮುಂದೆ ಹೋಗುವುದು ನ್ಯಾಯವಲ್ಲ. 2024-25ರಲ್ಲಿ ಗೋಲ್‌ಕೀಪರ್ ವಿಕಾರಿಯೊ ಕಣಕಾಲು ಮುರಿದುಕೊಂಡರು. ಡಿಫೆಂಡರ್ ವಾನ್ ಡೆ ವೆನ್ ತೊಡೆಯ ಸ್ನಾಯು ಹಿಡಿದುಕೊಂಡು ತಿಂಗಳುಗಟ್ಟಲೆ ಕೂತರು. ರೊಮೆರೊ ಹೊರಗೆ. ಡ್ರಗುಶಿನ್ ಮಂಡಿ ಹೋಯಿತು. ಲೀಡ್ಸ್‌ನಿಂದ ಮಿಡ್‌ಫೀಲ್ಡರ್ ಆಗಿ ಬಂದ 18 ವರ್ಷದ ಆರ್ಚಿ ಗ್ರೇ ವಾರಗಟ್ಟಲೆ ಸೆಂಟರ್ ಬ್ಯಾಕ್ ಆಗಿ ನಿಂತ. ಆ ಹುಡುಗನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ.

ಆದರೆ ಮೂರು ಮಾತು.

ಒಂದು, 2024ರ ಅಕ್ಟೋಬರ್ 6ರ ಬ್ರೈಟನ್ ಪಂದ್ಯ. ಆ ದಿನ ವಿಕಾರಿಯೊ, ಪೊರೊ, ರೊಮೆರೊ, ವಾನ್ ಡೆ ವೆನ್, ಉಡೋಗಿ ಐದೂ ಜನ ಮೈದಾನದಲ್ಲಿದ್ದರು. ಕೋಚ್ ಬಯಸುವ ಡಿಫೆನ್ಸ್ ಅದೇ, ಅದಕ್ಕಿಂತ ಒಳ್ಳೆಯದು ಅವರ ಹತ್ತಿರ ಇರಲೇ ಇಲ್ಲ. ಅರ್ಧ ವಿರಾಮಕ್ಕೆ 2-0 ಮುಂದೆ. 48, 58, 66ನೇ ನಿಮಿಷಗಳಲ್ಲಿ ಮೂರು ಗೋಲು ಬಿಟ್ಟರು, 2-3. ತಾವು ಬಂದ ಮೇಲಿನ ಕೆಟ್ಟ ಸೋಲು ಇದೇ ಇರಬೇಕು ಎಂದು ಕೋಚೇ ಹೇಳಿದರು. ಆ ದಿನದ ಗಾಯಾಳು ಡಿಫೆಂಡರ್ ಯಾರು, ಹೇಳಿ.

ಎರಡು, ಗಾಯಗಳೇ ಆಟದ ರೀತಿಯನ್ನು ಬದಲಿಸಬೇಕಾದ ಕಾರಣ. ವಾನ್ ಡೆ ವೆನ್ ಸಾಮಾನ್ಯ ಓಟಗಾರನಲ್ಲ. 2024ರ ಜನವರಿಯಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ ಗಂಟೆಗೆ 37.38 ಕಿಲೋಮೀಟರ್ ವೇಗ ಮುಟ್ಟಿದವನು. ಇಬ್ಬರೂ ಫುಲ್‌ಬ್ಯಾಕ್‌ಗಳು ಮಿಡ್‌ಫೀಲ್ಡಿಗೆ ನುಗ್ಗಿಹೋಗುವ ಆಟದಲ್ಲಿ ಹಿಂದಿನ ಅರ್ಧ ಮೈದಾನಕ್ಕೆ ಅವನ ಕಾಲೇ ಕಾವಲು. ಆ ಕಾಲು ಆಸ್ಪತ್ರೆಯಲ್ಲಿದ್ದಾಗಲೂ ಸಾಲು ಅಲ್ಲೇ ನಿಂತರೆ ಅದನ್ನು ಏನೆನ್ನಬೇಕು? 2023ರ ನವೆಂಬರ್‌ನಲ್ಲಿ ವಿಲಾ ವಿರುದ್ಧ ಎಮರ್ಸನ್ ರೊಯಾಲ್ ಮತ್ತು ಬೆನ್ ಡೇವಿಸ್ ಎಂಬ ಇಬ್ಬರು ಫುಲ್‌ಬ್ಯಾಕ್‌ಗಳೇ ಸೆಂಟರ್ ಬ್ಯಾಕ್‌ಗಳಾಗಿ ನಿಂತರು. ಆಟಗಾರರು ಬದಲಾದರು, ಅವರಿಂದ ನಿರೀಕ್ಷಿಸಿದ ಕೆಲಸ ಬದಲಾಗಲಿಲ್ಲ.

ಮೂರು, ಲೆಕ್ಕ. 2023-24ರಲ್ಲಿ ಸ್ಪರ್ಸ್ 74 ಗೋಲು ಹೊಡೆದು 61 ಬಿಟ್ಟಿತು, 66 ಅಂಕ, ಐದನೇ ಸ್ಥಾನ. ಮರುವರ್ಷ 64 ಹೊಡೆದು 65 ಬಿಟ್ಟಿತು, 38 ಅಂಕ, 17ನೇ ಸ್ಥಾನ. ಬಿಟ್ಟ ಗೋಲುಗಳ ವ್ಯತ್ಯಾಸ ಬರೀ ನಾಲ್ಕು! ಅಂದರೆ ಗಾಯಗಳು ಡಿಫೆನ್ಸನ್ನು ಹಾಳುಮಾಡಲಿಲ್ಲ, ಅದು ಐದನೇ ಸ್ಥಾನದ ವರ್ಷದಲ್ಲೇ ಹಾಳಾಗಿತ್ತು. ಆಗ ಮುಂದಿನವರು ಹೊಡೆಯುತ್ತಿದ್ದ ಗೋಲುಗಳು ಅದನ್ನು ಮರೆಮಾಚಿದ್ದವು. ಇನ್ನೊಂದು ಲೆಕ್ಕವೂ ಇದೆ: ಅದೇ 2024-25ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹೊಡೆದದ್ದು 44 ಗೋಲು, ಸ್ಪರ್ಸ್‌ಗಿಂತ ಇಪ್ಪತ್ತು ಕಡಿಮೆ. ಆದರೂ ಅವರು ಎರಡು ಸ್ಥಾನ ಮೇಲೆ ಮುಗಿಸಿದರು.

"ಕಾರ್ನರ್, ಫ್ರೀ ಕಿಕ್ ಎಲ್ಲ ಸಣ್ಣ ವಿಷಯ"

ಇದು ಅಭಿಮಾನಿಗಳ ವಾದ ಮಾತ್ರವಲ್ಲ, ಸ್ವತಃ ಕೋಚ್‌ದೂ ಹೌದು. ಕಾರ್ನರ್, ಫ್ರೀ ಕಿಕ್‌ನಂಥ ಸೆಟ್ ಪೀಸ್ ಸರಿಮಾಡಿದರೆ ದೊಡ್ಡ ತಂಡಗಳ ಮಟ್ಟ ಮುಟ್ಟಬಹುದು ಅನ್ನಿಸಿದ್ದರೆ ಎಲ್ಲ ಸಮಯವನ್ನೂ ಅದಕ್ಕೇ ಕೊಡುತ್ತಿದ್ದೆ, ಆದರೆ ನಮ್ಮ ಸಮಸ್ಯೆ ಅದಲ್ಲ ಎಂಬ ಧಾಟಿಯಲ್ಲಿ 2024ರ ಮೇ ತಿಂಗಳಲ್ಲಿ ಅವರು ಮಾತಾಡಿದ್ದರು.

ಆ ಮಾತಿನ ಹಿನ್ನೆಲೆ ನೋಡಿ. ಏಪ್ರಿಲ್ 28ರಂದು ಆರ್ಸೆನಲ್ ವಿರುದ್ಧ ಅರ್ಧ ವಿರಾಮಕ್ಕೆ 0-3. ಮೂರರಲ್ಲಿ ಎರಡು ಕಾರ್ನರ್‌ನಿಂದ. ಆರ್ಸೆನಲ್‌ನ ಬೆನ್ ವೈಟ್ ಗೋಲ್‌ಕೀಪರ್ ವಿಕಾರಿಯೊ ಪಕ್ಕದಲ್ಲಿ ನಿಂತು ಕೈಗವಸು ಎಳೆಯುತ್ತಿದ್ದದ್ದನ್ನು ಟಿವಿ ನೋಡಿದ ಎಲ್ಲರೂ ಕಂಡರು. ಅವನನ್ನು ದೂಡಲು ಒಬ್ಬ ಆಟಗಾರನೂ ಅಲ್ಲಿರಲಿಲ್ಲ. ನಾಲ್ಕು ದಿನಗಳ ನಂತರ ಚೆಲ್ಸಿ ವಿರುದ್ಧ 0-2. ಎರಡೂ ಗೋಲು ಫ್ರೀ ಕಿಕ್‌ನಿಂದ. ಒಂದು ಚಲೋಬಾ ತಲೆಯಿಂದ, ಇನ್ನೊಂದು ಪಾಮರ್ ಹೊಡೆದದ್ದು ಅಡ್ಡಪಟ್ಟಿಗೆ ಬಡಿದು ಮರಳಿ ಬಂದಾಗ. ನಾಲ್ಕು ದಿನದಲ್ಲಿ ಇಂಥ ನಾಲ್ಕು ಗೋಲು, ಚಾಂಪಿಯನ್ಸ್ ಲೀಗ್ ಸ್ಥಾನಕ್ಕೆ ಹೋರಾಡುತ್ತಿದ್ದ ಹೊತ್ತಿನಲ್ಲಿ. ಇದು ಸಣ್ಣ ವಿಷಯವಾದರೆ ದೊಡ್ಡದು ಯಾವುದು?

ಆ ಬೇಸಿಗೆಯಲ್ಲಿ ನಿಕ್ ಮಾಂಟ್ಗೊಮರಿ ಎಂಬ ಹೊಸ ಸಹಾಯಕ ಬಂದರು, ಸೆಟ್ ಪೀಸ್ ಹೊಣೆ ಅವರಿಗೆ ಬಂತು. ಸರಿಯಾದ ಹೆಜ್ಜೆ. ಆದರೆ ಸೆಪ್ಟೆಂಬರ್ 15ರಂದು ಅದೇ ಆರ್ಸೆನಲ್, ಅದೇ ಕಾರ್ನರ್, ಗ್ಯಾಬ್ರಿಯೆಲ್ ತಲೆಯಿಂದ ಗೋಲು, 0-1. 2025ರ ಜನವರಿ 15ರಂದು ಮತ್ತೆ ಆರ್ಸೆನಲ್, ಮತ್ತೆ ಕಾರ್ನರ್, ಸೋಲಂಕಿಗೆ ತಗುಲಿ ಸ್ವಂತ ಗೋಲು, 1-2. ಸತತ ಮೂರು ಉತ್ತರ ಲಂಡನ್ ಪಂದ್ಯಗಳಲ್ಲಿ ನೆರೆಮನೆಯವರು ಒಂದೇ ಬಾಗಿಲಿಂದ ಒಳಗೆ ಬಂದರು.

ಪೋಸ್ಟೆಕೊಗ್ಲು ನಂತರ ಥಾಮಸ್ ಫ್ರಾಂಕ್ ಕೋಚ್ ಆಗಿ ಬಂದ ಮೇಲೆ 2025ರ ಆಗಸ್ಟ್ 13ರಂದು ಸೂಪರ್ ಕಪ್‌ನಲ್ಲಿ ಪಿಎಸ್‌ಜಿ ವಿರುದ್ಧ ಇದೇ ವಾನ್ ಡೆ ವೆನ್, ಇದೇ ರೊಮೆರೊ ಇಬ್ಬರೂ ಫ್ರೀ ಕಿಕ್‌ಗಳ ಬಲದಿಂದ ಗೋಲು ಹೊಡೆದರು. ಆ 2-0 ಮುನ್ನಡೆಯೂ ಕೈಜಾರಿತು, ಪೆನಾಲ್ಟಿಯಲ್ಲಿ ಸೋತರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಂತ ಚೆಂಡಿನ ಆಟ ಕಲಿಸಲು ವರ್ಷಗಳು ಬೇಕೆಂಬ ಮಾತು ಆ ಸಂಜೆಗೆ ಮುಗಿಯಿತು.

"ತಂಡ ಕಟ್ಟಲು ಕಾಲ ಬೇಕು"

ಬೇಕು. ಯಾರು ಬೇಡ ಎಂದರು? ಮಿಕೆಲ್ ಆರ್ಟೆಟಾ ಆರ್ಸೆನಲ್‌ನಲ್ಲಿ ಎರಡು ಸಲ ಎಂಟನೇ ಸ್ಥಾನದಲ್ಲಿ ಮುಗಿಸಿದರು, ಗಾರ್ಡಿಯೋಲಾ ಸಿಟಿಯಲ್ಲಿ ಮೊದಲ ವರ್ಷ ಬರಿಗೈ. ಈ ಎರಡು ಉದಾಹರಣೆ ಎದುರು ಪಕ್ಷದವರ ಬಾಯಲ್ಲಿ ಸದಾ ಸಿದ್ಧ. ಆದರೆ ಅವರು ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ಲೆಕ್ಕ ಹಾಕುತ್ತಾರೆ. ತಂಡ ಕಟ್ಟುವುದು ವರ್ಷಗಳ ಕೆಲಸ. ಪಂದ್ಯದ ನಡುವೆ ಕಂಡ ತಪ್ಪನ್ನು ತಿದ್ದುವುದು ನಿಮಿಷಗಳ ಕೆಲಸ, ಹೆಚ್ಚೆಂದರೆ ವಾರದ್ದು. ಮೊದಲನೆಯದಕ್ಕೆ ಕೇಳಿದ ಕಾಲಾವಕಾಶವನ್ನು ಎರಡನೆಯದಕ್ಕೂ ಬಳಸಿಕೊಳ್ಳಬಾರದು.

ಆಂಟೋನಿಯೊ ಕಾಂಟೆ ಚೆಲ್ಸಿಗೆ ಬಂದ ವರ್ಷವನ್ನು ನೆನಪಿಸಿಕೊಳ್ಳಿ. 2016ರ ಸೆಪ್ಟೆಂಬರ್ 24ರಂದು ಆರ್ಸೆನಲ್ ವಿರುದ್ಧ ಅರ್ಧ ವಿರಾಮಕ್ಕೇ 0-3. 55ನೇ ನಿಮಿಷದಲ್ಲಿ ಫ್ಯಾಬ್ರೆಗಾಸ್ ಅವರನ್ನು ಹೊರಗೆ ಕರೆದು ಅಲೊನ್ಸೊ ಅವರನ್ನು ಇಳಿಸಿದರು, ಹಿಂದೆ ಮೂವರನ್ನು ನಿಲ್ಲಿಸಿದರು. ಆ ಪಂದ್ಯ ಸೋತರು. ಮುಂದಿನ ಹದಿಮೂರು ಲೀಗ್ ಪಂದ್ಯ ಗೆದ್ದರು, ಆ ವರ್ಷದ ಚಾಂಪಿಯನ್ ಆದರು. ಹೊಸ ದೇಶ, ಹೊಸ ಕ್ಲಬ್ಬು, ಆರಂಭದ ವಾರಗಳು, ಎಲ್ಲವೂ ಅವರಿಗೂ ಇತ್ತು.

ಅಷ್ಟು ದೂರವೂ ಬೇಡ. 2024ರ ಡಿಸೆಂಬರ್ 8ರಂದು ಸ್ಪರ್ಸ್ ಮೈದಾನದಲ್ಲಿ ಚೆಲ್ಸಿಯ ಕುಕುರೆಯಾ ಎರಡು ಸಲ ಜಾರಿದ, ಹನ್ನೊಂದು ನಿಮಿಷದೊಳಗೆ ಎರಡು ಗೋಲು ಬಿತ್ತು. ಅವನು ಅಂಚಿಗೆ ಹೋಗಿ ಬೂಟು ಬದಲಿಸಿಕೊಂಡು ಬಂದ. ಚೆಲ್ಸಿ 4-3ರಿಂದ ಗೆದ್ದಿತು. ಎರಡು ಸಲ ಜಾರಿದ ಮೇಲೆ ಒಬ್ಬ ಆಟಗಾರ ಬೂಟನ್ನಾದರೂ ಬದಲಿಸಿದ. ನಮ್ಮ ಕಡೆ ಎಷ್ಟು ಸಲ ಜಾರಿದರೂ ಅದೇ ಬೂಟು.

"ಹಿಂದೆ ನಿಂತು ಆಡಿಸಿದವರನ್ನೂ ನೀವೇ ಬೈದಿರಿ"

ಇದು ಅವರ ವಾದಗಳಲ್ಲೇ ಗಟ್ಟಿಯಾದದ್ದು. ಹಿಂದಿನ ಕೋಚ್‌ಗಳಾದ ಮೊರಿನ್ಯೊ, ನೂನೊ, ಕಾಂಟೆ ಮೂವರೂ ಸ್ಪರ್ಸ್‌ನಲ್ಲಿ ಎಚ್ಚರಿಕೆಯ ಆಟ ಆಡಿಸಿದರು, ಮೂವರ ಕಾಲದಲ್ಲೂ ಅಭಿಮಾನಿಗಳು ಆಕಳಿಸಿದರು, ಮೂವರೂ ಅರ್ಧದಲ್ಲೇ ಹೋದರು. ಹಾಗಾದರೆ ನಿಮಗೆ ಬೇಕಾದದ್ದು ಏನು ಎಂದು ಅವರು ಕೇಳುತ್ತಾರೆ.

ಬೇಕಾದದ್ದು ಆ ಮೂವರ ಆಟ ಅಲ್ಲ. ಅವರ ತಪ್ಪೂ ಇದೇ ಜಾತಿಯದ್ದು, ದಿಕ್ಕು ಮಾತ್ರ ತಿರುಗಿದ್ದು. 1-0 ಮುಂದಿದ್ದಾಗ, ಎದುರಾಳಿ ಸೋತು ಸುಣ್ಣವಾಗಿದ್ದಾಗಲೂ ಅವರು ಮುಂದೆ ಬರುತ್ತಿರಲಿಲ್ಲ. ಪೋಸ್ಟೆಕೊಗ್ಲು 2-0 ಮುಂದಿದ್ದಾಗ, ತಂಡ ಏದುಸಿರು ಬಿಡುತ್ತಿದ್ದಾಗಲೂ ಹಿಂದೆ ಸರಿಯುತ್ತಿರಲಿಲ್ಲ. ಪಂದ್ಯ ಏನು ಕೇಳುತ್ತಿದೆ ಎಂದು ನೋಡದೆ ತಾನು ಬರೆದು ತಂದದ್ದನ್ನೇ ಓದುವವನ ಮೇಲೆ ನಮ್ಮ ಸಿಟ್ಟು. ಮೊದಲ ಅರವತ್ತು ನಿಮಿಷ ಪೋಸ್ಟೆಕೊಗ್ಲು ಆಟ, ಮುನ್ನಡೆ ಸಿಕ್ಕ ಮೇಲೆ ಕೊನೆಯ ಇಪ್ಪತ್ತು ನಿಮಿಷ ಒಬ್ಬ ಹೆಚ್ಚುವರಿ ಡಿಫೆಂಡರ್: ಇದನ್ನು ಕೇಳಿದವರನ್ನು ಗೋಲಿನ ಮುಂದೆ ಬಸ್ಸು ನಿಲ್ಲಿಸುವವರ ಪಟ್ಟಿಗೆ ಸೇರಿಸುವುದು ವಾದ ಮಾಡುವ ರೀತಿಯಲ್ಲ.

"ಟಿವಿ ಮುಂದೆ ಕೂತ ನಿಮಗೇನು ಗೊತ್ತು"

ಬೆಂಗಳೂರಿನಲ್ಲಿ ಕೂತು ರಾತ್ರಿ ಒಂದೂವರೆಗೆ ಪಂದ್ಯ ನೋಡುವವರಿಗೆ ಈ ಮಾತು ಮಾಮೂಲು. ಅಭ್ಯಾಸದ ಮೈದಾನದಲ್ಲಿ ಏನು ನಡೆಯುತ್ತದೆಂದು ನಮಗೆ ಗೊತ್ತಿಲ್ಲ, ನಿಜ. ಆದರೆ ಶನಿವಾರ ಮೈದಾನದಲ್ಲಿ ನಡೆದದ್ದು ಗೊತ್ತು, ಮುಂದಿನ ಶನಿವಾರ ಅದೇ ನಡೆದದ್ದೂ ಗೊತ್ತು. ಅಡುಗೆ ಸರಿಯಿಲ್ಲ ಎನ್ನಲು ಉಂಡವನಿಗೆ ಪಾಕಶಾಸ್ತ್ರದ ಪದವಿ ಬೇಡ. ಇಷ್ಟಕ್ಕೂ ನಾವು ಎರಡು ವರ್ಷ ಹೇಳುತ್ತಿದ್ದದ್ದನ್ನೇ ಕೊನೆಗೆ ಕೋಚ್ ಮಾಡಿದರು. ಆ ವಿಷಯಕ್ಕೇ ಬರೋಣ.

"ಕಪ್ ಬಂತಲ್ಲ, ಇನ್ನೇನು"

ಎರಡನೇ ವರ್ಷ ನಾನು ಯಾವಾಗಲೂ ಏನಾದರೂ ಗೆಲ್ಲುತ್ತೇನೆ ಎಂದು 2024ರ ಸೆಪ್ಟೆಂಬರ್‌ನಲ್ಲಿ ಪೋಸ್ಟೆಕೊಗ್ಲು ಹೇಳಿದಾಗ ಎಷ್ಟೋ ಜನ ನಕ್ಕರು. ಅವರು ಮಾತು ಉಳಿಸಿಕೊಂಡರು. ಅದರ ಕೀರ್ತಿ ಪೂರ್ತಿ ಅವರದ್ದು. ಈಗ ಎದುರು ಪಕ್ಷದವರು ಒಂದು ಕೆಲಸ ಮಾಡಲಿ: ಆ ಕಪ್ ಹೇಗೆ ಬಂತೆಂದು ಪಂದ್ಯವನ್ನು ಇನ್ನೊಮ್ಮೆ ಹಾಕಿ ನೋಡಲಿ.

ಏಪ್ರಿಲ್ 17ರಂದು ಫ್ರಾಂಕ್‌ಫರ್ಟ್‌ನಲ್ಲಿ ಕ್ವಾರ್ಟರ್ ಫೈನಲ್. ಪೆನಾಲ್ಟಿಯಿಂದ ಒಂದು ಗೋಲು, ಆಮೇಲೆ ಹಿಂದೆ ಸರಿದು ಕಾವಲು, 1-0. ಸೆಮಿಫೈನಲ್‌ನಲ್ಲಿ ನಾರ್ವೆಯ ಬೋಡೊ ಗ್ಲಿಮ್ಟ್ ಮೈದಾನದಲ್ಲಿ ಮೊದಲ ಲೆಗ್‌ನ ಮುನ್ನಡೆಯನ್ನು ಜೋಪಾನ ಮಾಡುವ ಆಟ, 2-0. ಬಿಲ್ಬಾವೊದ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 42ನೇ ನಿಮಿಷದಲ್ಲಿ ಬ್ರೆನನ್ ಜಾನ್ಸನ್ ಗೋಲು. ಚೆಂಡು ಸ್ಪರ್ಸ್ ಕಾಲಲ್ಲಿ ಇದ್ದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. 68ನೇ ನಿಮಿಷದಲ್ಲಿ ಹೊಯ್ಲುಂಡ್ ತಲೆಯಿಂದ ಹೊಡೆದದ್ದನ್ನು ವಾನ್ ಡೆ ವೆನ್ ಗೋಲುಗೆರೆಯ ಮೇಲೆ ಹಾರಿ ಒದ್ದು ತೆಗೆದ. ಅವನು ಅಲ್ಲಿದ್ದ ಎಂಬುದೇ ಎಲ್ಲವನ್ನೂ ಹೇಳುತ್ತದೆ, ಹಳೆಯ ಆಟದಲ್ಲಿ ಆ ಹೊತ್ತಿಗೆ ಅವನು ನಡುಗೆರೆಯ ಹತ್ತಿರ ಇರುತ್ತಿದ್ದ. 78ನೇ ನಿಮಿಷದಲ್ಲಿ ಗೋಲು ಹೊಡೆದ ಜಾನ್ಸನ್‌ನನ್ನೇ ಹೊರಗೆ ಕರೆದು ಡಿಫೆಂಡರ್ ಕೆವಿನ್ ಡಾನ್ಸೊನನ್ನು ಇಳಿಸಿದರು. ಹಿಂದೆ ಐದು ಜನ. 1-0.

ಇದು ಯಾರ ವಾದದ ಗೆಲುವು? "ನಂಬಿಕೆ ಬದಲಿಸುವವನು ಕೋಚೇ ಅಲ್ಲ" ಎಂದವರದ್ದಂತೂ ಅಲ್ಲ. ಆಟಗಾರರು ಹಳಬರೇ, ಕೋಚ್ ಹಳಬರೇ, ಬದಲಾದದ್ದು ಡಿಫೆನ್ಸ್ ನಿಂತ ಜಾಗ. ನಮ್ಮ ವಿರುದ್ಧ ಸಾಕ್ಷಿಯೆಂದು ಅವರು ಎತ್ತಿ ತೋರಿಸುವ ಕಪ್ ನಮ್ಮ ಪರವಾಗಿ ಸಾಕ್ಷಿ ಹೇಳುತ್ತಿದೆ. ಕೋಚ್‌ಗೆ ಈ ವಿದ್ಯೆ ಗೊತ್ತಿರಲಿಲ್ಲ ಎಂದಾಗಿದ್ದರೆ ಸುಮ್ಮನಿರಬಹುದಿತ್ತು. ಗೊತ್ತಿತ್ತು, ಮಾಡಿ ತೋರಿಸಿದರು. ಹಾಗಾಗಿಯೇ ಕಾಯಿಸಿದ ತಿಂಗಳುಗಳು ಹೊಟ್ಟೆ ಉರಿಸುತ್ತವೆ. ಬಾಗಿಲು ಹಾಕಿದ್ದು ಒಳ್ಳೆಯದಾಯಿತು, ಆದರೆ ಕೋಟೆಯ ಅರ್ಧ ಆಗಲೇ ಕೊಳ್ಳೆ ಹೋಗಿತ್ತು.

"ನಿಮ್ಮ ಗೊಣಗಾಟವೇ ಅವರ ಕೆಲಸ ತಿಂದಿತು"

ಕಪ್ ಗೆದ್ದ ಹದಿನಾರನೇ ದಿನ, ಜೂನ್ 6ರಂದು, ಕ್ಲಬ್ಬು ಪೋಸ್ಟೆಕೊಗ್ಲು ಅವರನ್ನು ಕಳಿಸಿಕೊಟ್ಟಿತು. ಅದು ಸರಿಯೋ ತಪ್ಪೋ ಎಂಬುದರಲ್ಲಿ ಗೊಣಗಿದವರಲ್ಲೇ ಎರಡು ಪಂಗಡವಿದೆ. ಅಭಿಮಾನಿಗಳ ನಡತೆ ಯಾವಾಗಲೂ ಚೆನ್ನಾಗಿತ್ತೆಂದೂ ಅಲ್ಲ. 2024ರ ಮೇ 14ರಂದು ಆರ್ಸೆನಲ್‌ಗೆ ಲೀಗ್ ಸಿಗಬಾರದೆಂಬ ಒಂದೇ ಕಾರಣಕ್ಕೆ ಸ್ವಂತ ಮೈದಾನದಲ್ಲೇ ಕೆಲವರು ಸಿಟಿಯ ಗೆಲುವಿಗೆ ಹಿಗ್ಗಿದರು. ಅದನ್ನು ಕಂಡು ಕೋಚ್ ಕೆರಳಿದ್ದು ನ್ಯಾಯವೇ. ಅಂಥವರ ವಕಾಲತ್ತು ನಾನು ವಹಿಸುವುದಿಲ್ಲ.

ಆದರೆ ಕೋಚ್‌ಗಳ ಕೆಲಸ ತಿನ್ನುವುದು ಗೊಣಗಾಟವಲ್ಲ, ಅಂಕಪಟ್ಟಿ. 38 ಪಂದ್ಯಗಳಲ್ಲಿ 22 ಸೋಲು. ಅಷ್ಟು ಪಂದ್ಯಗಳ ಲೀಗಿನಲ್ಲಿ ಈ ಕ್ಲಬ್ಬು ಹಿಂದೆಂದೂ ಅಷ್ಟು ಸೋತಿರಲಿಲ್ಲ. ಅದರಲ್ಲಿ ಗಾಯಗಳ ಪಾಲು ಎಷ್ಟೋ ಇರಲಿ, ಕೈಲಿದ್ದ ಮುನ್ನಡೆ ಬಿಟ್ಟುಕೊಟ್ಟದ್ದರ ಪಾಲನ್ನು ಯಾರೂ ಅಲ್ಲಗಳೆಯಲಾರರು. ಹಾಗೆ ನೋಡಿದರೆ ಅವರನ್ನು ಉಳಿಸಬಹುದಾಗಿದ್ದ ಸಲಹೆ ಕೊಟ್ಟವರು ಗೊಣಗಿದ ನಾವೇ. ಅವರು ಮಾಡಿದ್ದೆಲ್ಲ ಸರಿ ಎಂದು ಬೆನ್ನು ತಟ್ಟಿದವರು ಪ್ರತಿ ಸೋಲಿಗೂ ಒಂದು ನೆಪ ಹುಡುಕಿಕೊಟ್ಟರು, ಅಷ್ಟೇ. ಬಿಲ್ಬಾವೊದಲ್ಲಿ 78ನೇ ನಿಮಿಷಕ್ಕೆ ಬಂದ ನಿರ್ಧಾರ ಏಳು ತಿಂಗಳು ಮೊದಲು ಬ್ರೈಟನ್‌ನಲ್ಲಿ 58ನೇ ನಿಮಿಷಕ್ಕೆ ಬಂದು, ಮುಂದೆಯೂ ಬರುತ್ತಾ ಹೋಗಿದ್ದರೆ, ಜೂನ್‌ನಲ್ಲಿ ಸ್ಪರ್ಸ್ ಹೊಸ ಕೋಚ್ ಹುಡುಕುವ ಪ್ರಮೇಯ ಬರುತ್ತಿತ್ತೇ? ಪೋಸ್ಟೆಕೊಗ್ಲು ಪರ ವಹಿಸುವವರು ಉಳಿದ ಯಾವ ಪ್ರಶ್ನೆಗೂ ಉತ್ತರಿಸದಿದ್ದರೂ ಸರಿ, ಇದೊಂದಕ್ಕೆ ಉತ್ತರಿಸಲಿ.